ಇಆರ್‌ಪಿನೆಕ್ಸ್ಟ್‌ನಲ್ಲಿ ಯಾವ ಬದಲಾವಣೆ ಎಲ್ಲಿ ಕೂರಬೇಕು: ಪದರಗಳನ್ನು ಅರಿತು ಕೆಲಸ ಮಾಡುವ ಕ್ರಮ

ಲೆಕ್ಕಪತ್ರ, ಸ್ಟಾಕ್, ಮಾರಾಟ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ತಂತ್ರಾಂಶದ ಸೇಲ್ಸ್ ಇನ್‌ವಾಯ್ಸ್‌ನಲ್ಲಿ ಒಂದು ಫೀಲ್ಡ್ ಹೆಚ್ಚಿಗೆ ಬೇಕು ಅಂತ ಗ್ರಾಹಕರು ಕೇಳುತ್ತಾರೆ. ಸರ್ವರ್‌ಗೆ ಲಾಗಿನ್ ಆಗಿ, ಇಆರ್‌ಪಿನೆಕ್ಸ್ಟ್‌ನ ಮೂಲ ಫೈಲನ್ನೇ ತೆರೆದು ನಾಲ್ಕು ಸಾಲು ಸೇರಿಸಿದರೆ ಹತ್ತು ನಿಮಿಷದ ಕೆಲಸ. ಅದರ ಬೆಲೆ ತೆರಬೇಕಾಗಿ ಬರುವುದು ಅಪ್‌ಡೇಟ್ ಮಾಡುವ ದಿನ. ಗಿಟ್‌ನಲ್ಲಿ (ಕೋಡ್‌ನ ಇತಿಹಾಸ ಇಡುವ ವ್ಯವಸ್ಥೆ) ಕಮಿಟ್ ಆಗದ ಬದಲಾವಣೆ ಕಂಡರೆ, ಇದನ್ನು ನಿರ್ವಹಿಸುವ ಸಾಧನವಾದ ಬೆಂಚ್‌ನ ಅಪ್‌ಡೇಟ್ ಆದೇಶ ಅಲ್ಲೇ ನಿಂತುಬಿಡುತ್ತದೆ. ರೀಸೆಟ್ ಆಯ್ಕೆ ಕೊಟ್ಟು ಮುಂದಕ್ಕೆ ತಳ್ಳಿದರೆ ಆ ನಾಲ್ಕು ಸಾಲು ಅಳಿಸಿಹೋಗುತ್ತವೆ. ಸಂಜೆ ಬಿಲ್ಲಿಂಗ್ ಕೌಂಟರ್‌ನಿಂದ ಫೋನ್ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಈ ತಂತ್ರಾಂಶ ಪದರಗಳ ಮೇಲೆ ನಿಂತಿದೆ. ಯಾವ ಬದಲಾವಣೆ ಯಾವ ಪದರಕ್ಕೆ ಸೇರಿದ್ದು, ಎರಡು ಪದರಗಳು ಒಂದೇ ವಿಷಯದ ಬಗ್ಗೆ ಬೇರೆ ಬೇರೆ ಹೇಳಿದರೆ ಯಾರ ಮಾತು ನಡೆಯುತ್ತದೆ, ಇವೆರಡು ಗೊತ್ತಿದ್ದರೆ ಮೂಲ ಕೋಡ್ ಮುಟ್ಟುವ ಪ್ರಸಂಗವೇ ಬಹುತೇಕ ಬರುವುದಿಲ್ಲ.

## ಕೆಳಗಿನಿಂದ ಮೇಲಕ್ಕೆ

ತಳದಲ್ಲಿರುವುದು ಫ್ರ್ಯಾಪೆ ಫ್ರೇಮ್‌ವರ್ಕ್. ಫಾರ್ಮ್, ಲಿಸ್ಟ್, ಅನುಮತಿ, ಡೇಟಾಬೇಸ್ ಟೇಬಲ್ ಎಲ್ಲವೂ ಡಾಕ್‌ಟೈಪ್ ಎಂಬ ಒಂದೇ ವ್ಯಾಖ್ಯೆಯಿಂದ ಹುಟ್ಟುವುದು ಇಲ್ಲಿ. ಅದರ ಮೇಲೆ ಇಆರ್‌ಪಿನೆಕ್ಸ್ಟ್: ಲೆಡ್ಜರ್, ಸ್ಟಾಕ್, ಖರೀದಿ, ಮಾರಾಟ. ಅದರ ಮೇಲೆ ದೇಶದ ಕಾನೂನಿನ ಪದರ. ನಮ್ಮಲ್ಲಿ ಇದು ಇಂಡಿಯಾ ಕಂಪ್ಲಯನ್ಸ್ ಎಂಬ ಪ್ರತ್ಯೇಕ ಆ್ಯಪ್. ಮೊದಲು ಜಿಎಸ್‌ಟಿಯ ಕೋಡ್ ಇಆರ್‌ಪಿನೆಕ್ಸ್ಟ್ ಒಳಗೇ ಇತ್ತು, 14ನೇ ಆವೃತ್ತಿಯಲ್ಲಿ ಹೊರಬಂತು. ಬೇರೆ ಮಾಡಿದ್ದು ಸರಿಯಾದ ಕೆಲಸ: ಇ-ಇನ್‌ವಾಯ್ಸ್ ಕಡ್ಡಾಯವಾಗುವ ಮಿತಿ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನಿಂದ ಶುರುವಾಗಿ 2023ರ ಆಗಸ್ಟ್ ಹೊತ್ತಿಗೆ 5 ಕೋಟಿಗೆ ಇಳಿಯಿತು. ಅಷ್ಟು ಬೇಗ ಬದಲಾಗುವ ಕಾನೂನನ್ನು ನಿಧಾನವಾಗಿ ಬದಲಾಗುವ ಲೆಡ್ಜರ್ ಕೋಡ್ ಜೊತೆ ಕಟ್ಟಿಹಾಕಿದರೆ ಎರಡಕ್ಕೂ ತೊಂದರೆ.

ನಾಲ್ಕನೆಯದು ನಿಮ್ಮದೇ ಕಸ್ಟಮ್ ಆ್ಯಪ್. ಐದನೆಯದು ಸೈಟ್‌ನ (ತನ್ನದೇ ಡೇಟಾಬೇಸ್ ಇರುವ ಪ್ರತ್ಯೇಕ ಸ್ಥಾಪನೆ) ಡೇಟಾಬೇಸ್‌ನಲ್ಲಿ ಮಾತ್ರ ಇರುವ ಬದಲಾವಣೆಗಳು: ಕಸ್ಟಮ್ ಫೀಲ್ಡ್, ಪ್ರಾಪರ್ಟಿ ಸೆಟ್ಟರ್ (ಇರುವ ಫೀಲ್ಡ್‌ನ ಒಂದು ಗುಣ ಬದಲಿಸುವ ದಾಖಲೆ), ಕ್ಲೈಂಟ್ ಸ್ಕ್ರಿಪ್ಟ್, ಸರ್ವರ್ ಸ್ಕ್ರಿಪ್ಟ್, ವರ್ಕ್‌ಫ್ಲೋ, ಪ್ರಿಂಟ್ ಫಾರ್ಮ್ಯಾಟ್. ಎಲ್ಲಕ್ಕೂ ಮೇಲೆ ದಿನನಿತ್ಯದ ಡೇಟಾ ಮತ್ತು ಸೆಟ್ಟಿಂಗ್ಸ್.

ಅವಲಂಬನೆ ಕೆಳಮುಖವಾಗಿ ಮಾತ್ರ ಇರಬೇಕು. ನಿಮ್ಮ ಆ್ಯಪ್ ಇಂಡಿಯಾ ಕಂಪ್ಲಯನ್ಸ್‌ನ ಫೀಲ್ಡ್ ಬಳಸಬಹುದು; ಆಗ ಹುಕ್ಸ್ ಫೈಲ್‌ನಲ್ಲಿ (ನಿಮ್ಮ ಆ್ಯಪ್ ಉಳಿದ ಪದರಗಳಿಗೆ ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಎಂದು ಬರೆದಿಡುವ ಫೈಲ್) ಅದನ್ನು ಅಗತ್ಯ ಆ್ಯಪ್ ಅಂತ ನಮೂದಿಸಿ. ಕೆಳಗಿನ ಆ್ಯಪ್‌ಗೆ ಮಾತ್ರ ನಿಮ್ಮ ಆ್ಯಪ್‌ನ ಹೆಸರೂ ಗೊತ್ತಿರಬಾರದು.

## ಪದರಗಳು ಸೇರುವ ಬಗೆ

ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಫಾರ್ಮ್ ತೆರೆದಾಗ ಫ್ರ್ಯಾಪೆ ಮೊದಲು ಮೂಲ ಡಾಕ್‌ಟೈಪ್‌ನ ಫೀಲ್ಡ್‌ಗಳನ್ನು ಓದುತ್ತದೆ. ಅದಕ್ಕೆ ಕಸ್ಟಮ್ ಫೀಲ್ಡ್‌ಗಳನ್ನು ಸೇರಿಸುತ್ತದೆ. ಆಮೇಲೆ ಪ್ರಾಪರ್ಟಿ ಸೆಟ್ಟರ್‌ಗಳನ್ನು ಹೊದಿಸುತ್ತದೆ: ಲೇಬಲ್, ಕಡ್ಡಾಯ, ಅಡಗಿಸು, ಡೀಫಾಲ್ಟ್ ಮುಂತಾದವು. ಕೊನೆಗೆ ಫೀಲ್ಡ್‌ಗಳ ಕ್ರಮ ಜೋಡಿಸಿ, ಅನುಮತಿಗಳನ್ನು ಹಚ್ಚುತ್ತದೆ. ಸಿದ್ಧವಾದದ್ದು ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಕೂರುತ್ತದೆ. ಬದಲಾವಣೆ ಮಾಡಿದ ಮೇಲೂ ಹಳೆಯ ಫಾರ್ಮೇ ಕಂಡರೆ ಮೊದಲು ಕ್ಯಾಶ್ ತೆರವು ಮಾಡಿ ನೋಡಿ.

ಎಲ್ಲ ಬದಲಾವಣೆಗಳೂ ಒಂದೇ ರೀತಿ ಸೇರುವುದಿಲ್ಲ. ಕೆಲವು ಪಕ್ಕದಲ್ಲಿ ಕೂಡಿಕೊಳ್ಳುತ್ತವೆ, ಕೆಲವು ಒಂದು ಗುಣವನ್ನಷ್ಟೇ ಮುಚ್ಚುತ್ತವೆ, ಕೆಲವು ಇಡೀ ವ್ಯಾಖ್ಯೆಯನ್ನೇ ಕಿತ್ತುಹಾಕಿ ತಾವು ಕೂರುತ್ತವೆ.

ಕಸ್ಟಮ್ ಫೀಲ್ಡ್ ಮತ್ತು ಡಾಕ್ ಈವೆಂಟ್ ಹುಕ್‌ಗಳು (ದಾಖಲೆ ಸೇವ್, ಸಬ್ಮಿಟ್ ಆಗುವಂಥ ಘಟ್ಟಗಳಲ್ಲಿ ಓಡುವ ನಿಮ್ಮ ಕೋಡ್) ಮೊದಲ ಜಾತಿ. ಮೂಲದ ಕೆಲಸ ಮೊದಲು ನಡೆದು, ಆಮೇಲೆ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಿದ ಕ್ರಮದಲ್ಲಿ ಒಂದೊಂದೇ ಹುಕ್ ಓಡುತ್ತದೆ. ಯಾರೂ ಯಾರನ್ನೂ ತೆಗೆದುಹಾಕುವುದಿಲ್ಲ. ಲೇಬಲ್ ಬದಲಿಸುವ ಪ್ರಾಪರ್ಟಿ ಸೆಟ್ಟರ್ ಎರಡನೇ ಜಾತಿ.

ಮೂರನೇ ಜಾತಿಯೇ ಅಪಾಯದ್ದು. ಡಾಕ್‌ಟೈಪ್‌ನ ಕ್ಲಾಸ್ ಅನ್ನೇ ಓವರ್‌ರೈಡ್ ಮಾಡುವ ಹುಕ್ ಇದೆ. ಎರಡು ಆ್ಯಪ್‌ಗಳು ಒಂದೇ ಡಾಕ್‌ಟೈಪ್‌ಗೆ ಅದನ್ನು ಬಳಸಿದರೆ ಕೊನೆಗೆ ಇನ್‌ಸ್ಟಾಲ್ ಆದದ್ದು ಗೆಲ್ಲುತ್ತದೆ, ಇನ್ನೊಂದು ಎರರ್ ಕೂಡ ಕೊಡದೆ ಸುಮ್ಮನಾಗುತ್ತದೆ. ಸೆಲೆಕ್ಟ್ ಫೀಲ್ಡ್‌ನ ಆಯ್ಕೆಗಳನ್ನು ಕಸ್ಟಮೈಸ್ ಫಾರ್ಮ್‌ನಲ್ಲಿ ಬದಲಿಸಿದರೆ ಉಳಿಯುವುದು ನೀವು ಸೇರಿಸಿದ ಒಂದು ಆಯ್ಕೆಯಲ್ಲ, ಇಡೀ ಪಟ್ಟಿ. ಮುಂದಿನ ಆವೃತ್ತಿ ಹೊಸ ಆಯ್ಕೆ ತಂದರೂ ನಿಮ್ಮ ಸೈಟ್‌ಗೆ ಕಾಣುವುದಿಲ್ಲ. ರೋಲ್ ಪರ್ಮಿಷನ್ ಮ್ಯಾನೇಜರ್‌ನಲ್ಲಿ ಒಂದು ಟಿಕ್ ಬದಲಿಸಿದರೂ ಸಾಕು, ಆ ಡಾಕ್‌ಟೈಪ್‌ನ ಎಲ್ಲ ಅನುಮತಿಗಳ ಪ್ರತಿ ನಿಮ್ಮ ಸೈಟ್‌ನಲ್ಲಿ ಕೂರುತ್ತದೆ, ಅಲ್ಲಿಂದ ಮುಂದೆ ಮೂಲದ ಅನುಮತಿಗಳನ್ನು ಯಾರೂ ಓದುವುದಿಲ್ಲ. ಇಂಥ ಬದಲಾವಣೆ ಮಾಡಲೇಬಾರದು ಅಂತಲ್ಲ. ಮಾಡಿದ್ದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ; ಪ್ರತಿ ಅಪ್‌ಗ್ರೇಡ್‌ನಲ್ಲಿ ಮೊದಲು ನೋಡಬೇಕಾದದ್ದು ಆ ಪಟ್ಟಿ.

## ಎಲ್ಲಿಡಬೇಕು ಅಂತ ತೀರ್ಮಾನಿಸುವುದು

ಮೇಲಿನ ಪದರದಿಂದ ಕೇಳುತ್ತಾ ಬನ್ನಿ. ಇದು ಡೇಟಾದಲ್ಲೇ ತೀರುತ್ತದೆಯೇ? ತೆರಿಗೆ ದರ ಒಳ್ಳೆಯ ಉದಾಹರಣೆ. 22 ಸೆಪ್ಟೆಂಬರ್ 2025ರಂದು ಜಿಎಸ್‌ಟಿ ದರಗಳು ಬದಲಾಗಿ, ಶೇ 12 ಮತ್ತು ಶೇ 28ರಲ್ಲಿದ್ದ ಬಹುತೇಕ ಸರಕುಗಳು ಶೇ 5 ಮತ್ತು ಶೇ 18ಕ್ಕೆ ಬಂದವು. ದರಗಳನ್ನು ಐಟಂ ಟ್ಯಾಕ್ಸ್ ಟೆಂಪ್ಲೇಟ್‌ನಲ್ಲಿ ಇಟ್ಟಿದ್ದವರು ಐಟಂನ ತೆರಿಗೆ ಟೇಬಲ್‌ನಲ್ಲಿ ಹೊಸ ಸಾಲು ಹಾಕಿ, ಜಾರಿಯ ದಿನಾಂಕದ ಕಾಲಮ್ ತುಂಬಿದರೆ ಸಾಕಿತ್ತು. 21ನೇ ತಾರೀಖಿನ ಬಿಲ್‌ಗೆ ಹಳೆಯ ದರ, 22ರದ್ದಕ್ಕೆ ಹೊಸದು. ಸ್ಕ್ರಿಪ್ಟ್ ಒಳಗೆ 12 ಅಂತ ಬರೆದವರು ಪ್ರತಿ ಸ್ಕ್ರಿಪ್ಟನ್ನೂ ಹುಡುಕಬೇಕಾಗುತ್ತದೆ, ಹಳೆಯ ಬಿಲ್‌ನ ರಿಟರ್ನ್ ಬಂದಾಗ ಮತ್ತೆ ತಡಕಾಡಬೇಕಾಗುತ್ತದೆ. ಬದಲಾಗುವ ಸಂಖ್ಯೆಗೆ ಕೋಡ್‌ನಲ್ಲಿ ಜಾಗವಿಲ್ಲ.

ಡೇಟಾದಲ್ಲಿ ತೀರದಿದ್ದರೆ, ಈಗಾಗಲೇ ಇರುವ ಸೌಲಭ್ಯಕ್ಕೆ ಸೆಟ್ಟಿಂಗ್ ಇದೆಯೇ? ಇಲ್ಲವಾದರೆ ಕಸ್ಟಮ್ ಫೀಲ್ಡ್ ಅಥವಾ ಪ್ರಾಪರ್ಟಿ ಸೆಟ್ಟರ್ ಸಾಲುತ್ತದೆಯೇ? ಲಾಜಿಕ್ ಬೇಕೇ ಬೇಕು ಎಂದಾದರೆ ನಿಮ್ಮ ಆ್ಯಪ್‌ನಲ್ಲಿ ಹುಕ್. ಕ್ಲಾಸ್ ಓವರ್‌ರೈಡ್ ಕಡೆಯದು. ಅದನ್ನು ಮಾಡಿದರೂ ಮೂಲ ಕ್ಲಾಸ್‌ನಿಂದಲೇ ಇಳಿದು ಬನ್ನಿ, ನಿಮ್ಮ ಫಂಕ್ಷನ್‌ನಲ್ಲಿ ಮೂಲದ್ದನ್ನು ಸೂಪರ್ ಮೂಲಕ ಕರೆಯಿರಿ. ಆ ಒಂದು ಸಾಲು ಬಿಟ್ಟರೆ ಮೂಲದ ತಪಾಸಣೆಗಳು ಒಂದೂ ಓಡುವುದಿಲ್ಲ.

ಕಾನೂನಿನ ಪದರದ ಮೇಲೆ ಕೈಯಿಡುವ ಮುನ್ನ ಕಾನೂನನ್ನೇ ನೋಡಿ. ಇನ್‌ವಾಯ್ಸ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ ಎನ್ನುವುದು ಜಿಎಸ್‌ಟಿ ನಿಯಮ. ಇಆರ್‌ಪಿನೆಕ್ಸ್ಟ್‌ನ ಮೂಲ ಸರಣಿಯನ್ನು ಎಣಿಸಿ: ಅಕೌಂಟ್ಸ್‌ನ ಮೂರಕ್ಷರ, ಒಂದು ಅಡ್ಡಗೆರೆ, ಸೇಲ್ಸ್ ಇನ್‌ವಾಯ್ಸ್‌ನ ನಾಲ್ಕಕ್ಷರ, ಅಡ್ಡಗೆರೆ, ನಾಲ್ಕು ಅಂಕಿಯ ವರ್ಷ, ಅಡ್ಡಗೆರೆ, ಐದು ಅಂಕಿ. ಒಟ್ಟು 19. ಇಂಡಿಯಾ ಕಂಪ್ಲಯನ್ಸ್ ಇದನ್ನು ತಡೆಯುತ್ತದೆ. ಆ ತಡೆಯನ್ನು ದಾಟಲು ಕೋಡ್ ಬರೆಯಬೇಡಿ, ಡಾಕ್ಯುಮೆಂಟ್ ನೇಮಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ ಸರಣಿಯನ್ನೇ ಗಿಡ್ಡ ಮಾಡಿ.

## ಒಂದು ಫೀಲ್ಡ್, ಮೊದಲಿಂದ ಕೊನೆಯವರೆಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆಯ ಒಂದು ಮಷೀನ್ ಶಾಪ್ ಅಂದುಕೊಳ್ಳಿ. ಗ್ರಾಹಕರು ಕಾಸ್ಟಿಂಗ್ (ಎರಕ ಹೊಯ್ದ ಬಿಡಿಭಾಗ) ಕಳಿಸುತ್ತಾರೆ, ಶಾಪ್ ಮಷೀನಿಂಗ್ ಮಾಡಿ ವಾಪಸ್ ಕಳಿಸುತ್ತದೆ. ಪ್ರತಿ ಕಾಸ್ಟಿಂಗ್‌ಗೂ ಹೀಟ್ ನಂಬರ್ ಇರುತ್ತದೆ. ನಾಳೆ ರಿಜೆಕ್ಷನ್ ಬಂದರೆ ಯಾವ ಕರಗುವಿಕೆಯ ಲೋಹ ಎಂದು ಹೇಳುವುದು ಅದೇ. ಡೆಲಿವರಿ ನೋಟ್‌ನ ಸಾಲಿನಲ್ಲಿ ಅದನ್ನು ತುಂಬಬೇಕು, ಇನ್‌ವಾಯ್ಸ್‌ಗೂ ತಾನಾಗಿ ಬರಬೇಕು, ಕೆಲವು ಐಟಂಗಳಿಗೆ ಕಡ್ಡಾಯ ಆಗಬೇಕು.

ಮೊದಲ ಪ್ರಶ್ನೆ: ಇರುವ ಬ್ಯಾಚ್ ಸೌಲಭ್ಯ ಸಾಲದೇ? ಮಾಲು ನಿಮ್ಮ ಸ್ವಂತದ್ದು, ಹೀಟ್ ಪ್ರಕಾರ ಎಷ್ಟು ಉಳಿದಿದೆ ಅಂತ ಲೆಕ್ಕ ಬೇಕು ಎಂದಾದರೆ ಬ್ಯಾಚೇ ಸರಿ, ಹೊಸ ಫೀಲ್ಡ್ ಬೇಡ. ಇಲ್ಲಿ ಮಾಲು ಗ್ರಾಹಕರದ್ದು, ಸ್ಟಾಕ್ ಲೆಕ್ಕ ಬೇಡ, ಕಾಗದದ ಮೇಲೆ ಸಂಖ್ಯೆ ಬಂದರೆ ಸಾಕು. ಹಾಗಾಗಿ ಫೀಲ್ಡ್.

1. ಪರೀಕ್ಷೆಯ ಸೈಟ್. ಪ್ರೊಡಕ್ಷನ್‌ನ, ಅಂದರೆ ನಿತ್ಯ ಬಳಕೆಯ ಸೈಟ್‌ನ, ಬ್ಯಾಕಪ್ ಅನ್ನು ಫೈಲ್‌ಗಳ ಸಮೇತ ತೆಗೆದು ಬೇರೆ ಸೈಟ್‌ಗೆ ರೀಸ್ಟೋರ್ ಮಾಡಿ. ಹಳೆಯ ಸೈಟ್ ಕಾನ್ಫಿಗ್‌ನ ಎನ್‌ಕ್ರಿಪ್ಷನ್ ಕೀ ಇಲ್ಲಿಗೂ ಬರಬೇಕು, ಇಲ್ಲದಿದ್ದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳು ಬಿಚ್ಚಿಕೊಳ್ಳುವುದಿಲ್ಲ. ಯಾರಿಗೂ ಈ ಸೈಟ್ ತೆರೆದುಕೊಡುವ ಮುನ್ನ ಮೂರು ಕೆಲಸ ಮುಗಿಸಿ: ಈಮೇಲ್ ಮ್ಯೂಟ್ ಮಾಡಿ, ಶೆಡ್ಯೂಲರ್ ನಿಲ್ಲಿಸಿ, ಜಿಎಸ್‌ಟಿ ಸೆಟ್ಟಿಂಗ್ಸ್‌ನಲ್ಲಿ ಸ್ಯಾಂಡ್‌ಬಾಕ್ಸ್ ಮೋಡ್ ಹಾಕಿ. ಮರೆತರೆ ಪರೀಕ್ಷೆಯ ಬಿಲ್‌ಗೆ ನಿಜವಾದ ಐಆರ್‌ಎನ್ (ಇ-ಇನ್‌ವಾಯ್ಸ್‌ನ ನೋಂದಣಿ ಸಂಖ್ಯೆ) ಹುಟ್ಟುತ್ತದೆ, ಅದನ್ನು ರದ್ದು ಮಾಡಲು ಸಿಗುವುದು 24 ಗಂಟೆ ಮಾತ್ರ.

2. ಆ್ಯಪ್. ಬೆಂಚ್‌ನ ನ್ಯೂ-ಆ್ಯಪ್ ಆದೇಶದಿಂದ ಆ್ಯಪ್ ಸೃಷ್ಟಿಸಿ ಸೈಟ್‌ಗೆ ಇನ್‌ಸ್ಟಾಲ್ ಮಾಡಿ, ಅದೇ ದಿನ ಗಿಟ್‌ಗೆ ಹಾಕಿ. ಹೆಸರು ಸಂಸ್ಥೆಯದ್ದಿರಲಿ, ಒಂದು ಸಂಸ್ಥೆಗೆ ಒಂದೇ ಆ್ಯಪ್ ಸಾಕು. ಫೀಲ್ಡ್‌ಗೊಂದು ಆ್ಯಪ್ ಮಾಡಿದರೆ ಯಾವುದು ಯಾವುದರ ಮೇಲೆ ನಿಂತಿದೆ ಎಂಬ ಎಣಿಕೆಯೇ ತಪ್ಪುತ್ತದೆ.

3. ಫೀಲ್ಡ್. ಡೆಲಿವರಿ ನೋಟ್ ಐಟಂ ಮತ್ತು ಸೇಲ್ಸ್ ಇನ್‌ವಾಯ್ಸ್ ಐಟಂ, ಎರಡಕ್ಕೂ ಡೇಟಾ ಮಾದರಿಯ ಕಸ್ಟಮ್ ಫೀಲ್ಡ್ ಸೇರಿಸಿ. ಫೀಲ್ಡ್‌ನೇಮ್ ಎರಡೂ ಕಡೆ ಅಕ್ಷರಶಃ ಒಂದೇ ಆಗಿರಬೇಕು. ಡೆಲಿವರಿ ನೋಟ್‌ನಿಂದ ಇನ್‌ವಾಯ್ಸ್ ಮಾಡುವಾಗ ಫ್ರ್ಯಾಪೆ ಒಂದೇ ಹೆಸರಿನ ಫೀಲ್ಡ್‌ಗಳನ್ನು ತಾನೇ ನಕಲಿಸುತ್ತದೆ. ಒಂದು ಕಡೆ ‘ಹೀಟ್ ನಂಬರ್’, ಇನ್ನೊಂದು ಕಡೆ ‘ಹೀಟ್ ನಂ’ ಅಂತ ಹೆಸರಿಟ್ಟರೆ ಬರುವುದಿಲ್ಲ, ಆಮೇಲೆ ಅದಕ್ಕಾಗಿಯೇ ಸ್ಕ್ರಿಪ್ಟ್ ಬರೆಯುವ ಯೋಚನೆ ಶುರುವಾಗುತ್ತದೆ. ‘ನೋ ಕಾಪಿ’ ಟಿಕ್ ಆಗಿಲ್ಲ ಎಂದೂ ಖಚಿತಪಡಿಸಿಕೊಳ್ಳಿ. ಈಚಿನ ಆವೃತ್ತಿಗಳು ಫೀಲ್ಡ್‌ನೇಮ್ ಮುಂದೆ ‘ಕಸ್ಟಮ್’ ಎಂಬ ಪೂರ್ವಪದವನ್ನು ತಾವೇ ಹಚ್ಚುತ್ತವೆ. ಅದನ್ನು ಹಾಗೇ ಬಿಡಿ. ನಾಳೆ ಇಆರ್‌ಪಿನೆಕ್ಸ್ಟ್ ಅದೇ ಹೆಸರಿನ ಫೀಲ್ಡ್ ತಂದರೆ ಡಿಕ್ಕಿ ತಪ್ಪಿಸುವುದು ಅದೊಂದೇ.

ಕಸ್ಟಮ್ ಫೀಲ್ಡ್ ದಾಖಲೆಯಲ್ಲಿ ಮಾಡ್ಯೂಲ್ ಎಂಬ ಖಾನೆ ಇದೆ. ಅಲ್ಲಿ ನಿಮ್ಮ ಆ್ಯಪ್‌ನ ಮಾಡ್ಯೂಲ್ ತುಂಬಿ. ಈ ಫೀಲ್ಡ್ ನಿಮ್ಮದು ಎಂಬ ಮುದ್ರೆ ಅದು. ಐದನೇ ಹೆಜ್ಜೆ ಪೂರ್ತಿ ಇದರ ಮೇಲೆ ನಿಂತಿದೆ.

ಫೀಲ್ಡ್‌ಗಳನ್ನು ಕೇಳಿದವರಿಗೆಲ್ಲ ಕೊಡುತ್ತಾ ಹೋಗಲು ಆಗುವುದಿಲ್ಲ, ಅದಕ್ಕೆ ಡೇಟಾಬೇಸ್ ಮಿತಿ ಇದೆ. ಮರಿಯಾಡಿಬಿಯಲ್ಲಿ ಒಂದು ಸಾಲಿನ ಗರಿಷ್ಠ ಗಾತ್ರ 65,535 ಬೈಟ್. ಡೇಟಾ, ಲಿಂಕ್, ಸೆಲೆಕ್ಟ್ ಫೀಲ್ಡ್‌ಗಳು 140 ಅಕ್ಷರದ ಕಾಲಮ್‌ಗಳು; ಅಕ್ಷರಕ್ಕೆ 4 ಬೈಟ್‌ನಂತೆ 560, ಉದ್ದ ಬರೆಯಲು 2, ಒಟ್ಟು 562. ಭಾಗಿಸಿದರೆ 116 ಚಿಲ್ಲರೆ. ಸೇಲ್ಸ್ ಇನ್‌ವಾಯ್ಸ್‌ನಂಥ ಟೇಬಲ್‌ನಲ್ಲಿ ಮೂಲದವೇ ಬೇಕಾದಷ್ಟಿವೆ, ಇಂಡಿಯಾ ಕಂಪ್ಲಯನ್ಸ್‌ನವೂ ಸೇರುತ್ತವೆ. ಸಾಲಿನ ಗಾತ್ರ ಮೀರಿತು ಎಂಬ ಎರರ್ ಬಂದಾಗ ತಪ್ಪು ಕೊನೆಯ ಫೀಲ್ಡ್‌ನದ್ದಲ್ಲ, ಇಡೀ ಸಂಗ್ರಹದ್ದು. ಹುಡುಕುವ, ಫಿಲ್ಟರ್ ಮಾಡುವ ಅಗತ್ಯವಿಲ್ಲದ ಟಿಪ್ಪಣಿಗಳಿಗೆ ಸ್ಮಾಲ್ ಟೆಕ್ಸ್ಟ್ ಬಳಸಿ. ಅದು ಈ ಲೆಕ್ಕದಲ್ಲಿ ಅತ್ಯಲ್ಪ ಜಾಗ ಹಿಡಿಯುತ್ತದೆ.

4. ನಿಯಮ. ಫೀಲ್ಡ್ ಅನ್ನೇ ಕಡ್ಡಾಯ ಮಾಡಿಬಿಟ್ಟರೆ ಹೀಟ್ ನಂಬರ್ ಇಲ್ಲದ ಐಟಂಗಳೂ ಸಿಕ್ಕಿಬೀಳುತ್ತವೆ. ಡೇಟಾ ಇಂಪೋರ್ಟ್, ಎಪಿಐ (ಬೇರೆ ತಂತ್ರಾಂಶದಿಂದ ನೇರ ಸಂಪರ್ಕ) ಮೂಲಕ ಬರುವ ದಾಖಲೆಗಳೂ ನಿಲ್ಲುತ್ತವೆ. ಬದಲಿಗೆ ಐಟಂ ಮಾಸ್ಟರ್‌ನಲ್ಲಿ ‘ಹೀಟ್ ನಂಬರ್ ಬೇಕು’ ಎಂಬ ಚೆಕ್ ಫೀಲ್ಡ್ ಇಡಿ. ಯಾವ ಐಟಂಗೆ ಬೇಕು ಎನ್ನುವುದನ್ನು ಸ್ಟೋರ್ಸ್‌ನವರೇ ಟಿಕ್ ಮಾಡಿಕೊಳ್ಳಲಿ, ಐಟಂ ಕೋಡ್‌ಗಳು ನಿಮ್ಮ ಕೋಡ್ ಒಳಗೆ ಬರಬಾರದು.

ಆಮೇಲೆ ಹುಕ್ಸ್ ಫೈಲ್‌ನ ಡಾಕ್ ಈವೆಂಟ್ಸ್‌ನಲ್ಲಿ ಡೆಲಿವರಿ ನೋಟ್‌ಗೆ ನಿಮ್ಮ ಫಂಕ್ಷನ್ ಕಟ್ಟಿ. ಯಾವ ಘಟ್ಟಕ್ಕೆ? ವ್ಯಾಲಿಡೇಟ್ ಘಟ್ಟ ಡ್ರಾಫ್ಟ್ ಸೇವ್ ಮಾಡುವಾಗಲೂ ಓಡುತ್ತದೆ. ಬೆಳಿಗ್ಗೆ ಡ್ರಾಫ್ಟ್ ಮಾಡಿಟ್ಟು, ಲೋಡ್ ಮಾಡುವಾಗ ಹೀಟ್ ನಂಬರ್ ನೋಡಿ ತುಂಬುವ ಕಡೆ ಅದು ಅಡ್ಡಿಯಾಗುತ್ತದೆ. ಇಲ್ಲಿ ಸಬ್ಮಿಟ್‌ಗೆ ಮುಂಚಿನ ಘಟ್ಟವೇ ಸರಿ. ಫಂಕ್ಷನ್ ಪ್ರತಿ ಸಾಲನ್ನೂ ನೋಡಿ, ಐಟಂನಲ್ಲಿ ಟಿಕ್ ಇದ್ದು ಸಾಲಿನಲ್ಲಿ ಸಂಖ್ಯೆ ಇಲ್ಲದಿದ್ದರೆ ಸಾಲಿನ ನಂಬರ್ ಸಮೇತ ಸಂದೇಶ ಕೊಟ್ಟು ತಡೆಯಬೇಕು. ‘3ನೇ ಸಾಲು: ಹೀಟ್ ನಂಬರ್ ತುಂಬಿ’ ಎಂದರೆ ಕೌಂಟರ್‌ನವರು ತಾವೇ ಸರಿಪಡಿಸುತ್ತಾರೆ, ಬರೀ ‘ತಪ್ಪಾಗಿದೆ’ ಎಂದರೆ ನಿಮಗೆ ಫೋನ್ ಮಾಡುತ್ತಾರೆ. ಫಂಕ್ಷನ್ ಒಳಗೆ ಡೇಟಾಬೇಸ್ ಕಮಿಟ್ ಮಾಡಬೇಡಿ. ಮುಂದೆ ಬೇರೆ ಹುಕ್ ಎಡವಿದರೆ ಎಲ್ಲವೂ ಹಿಂದಕ್ಕೆ ಹೋಗಬೇಕು, ನಡುವಿನ ಕಮಿಟ್ ಅರ್ಧ ಕೆಲಸವನ್ನು ಹಾಗೇ ಉಳಿಸಿಬಿಡುತ್ತದೆ.

ಇದನ್ನೇ ಕ್ಲೈಂಟ್ ಸ್ಕ್ರಿಪ್ಟ್‌ನಲ್ಲಿ ಬರೆದು ಮುಗಿಸುವವರು ಬಹಳ. ಕ್ಲೈಂಟ್ ಸ್ಕ್ರಿಪ್ಟ್ ಓಡುವುದು ಬ್ರೌಸರ್‌ನಲ್ಲಿ ಮಾತ್ರ. ಇಂಪೋರ್ಟ್‌ಗೂ ಎಪಿಐಗೂ ಅದು ಗೊತ್ತೇ ಇಲ್ಲ. ಅದನ್ನು ಬಳಕೆದಾರರ ಅನುಕೂಲಕ್ಕೆ ಇಟ್ಟುಕೊಳ್ಳಿ, ನಿಯಮ ಸರ್ವರ್ ಕಡೆಯೇ ಇರಲಿ. ಸರ್ವರ್ ಸ್ಕ್ರಿಪ್ಟ್‌ನಲ್ಲೂ ಮಾಡಬಹುದು. ಆದರೆ 15ನೇ ಆವೃತ್ತಿಯಿಂದ ಅದು ಮೊದಲಿಗೆ ಆಫ್ ಆಗಿರುತ್ತದೆ, ಮತ್ತು ಡೇಟಾಬೇಸ್ ಒಳಗಿರುವ ಕೋಡ್‌ಗೆ ಗಿಟ್‌ನ ಇತಿಹಾಸ ಸಿಗುವುದಿಲ್ಲ.

5. ಆ್ಯಪ್‌ಗೆ ಇಳಿಸುವುದು. ಇಲ್ಲಿಯವರೆಗೆ ಫೀಲ್ಡ್‌ಗಳಿರುವುದು ಪರೀಕ್ಷೆಯ ಸೈಟ್‌ನ ಡೇಟಾಬೇಸ್‌ನಲ್ಲಿ. ಅವನ್ನು ಆ್ಯಪ್ ಒಳಗೆ ತರಲು ಫಿಕ್ಸ್ಚರ್ ಬಳಸುತ್ತೇವೆ: ಹುಕ್ಸ್ ಫೈಲ್‌ನಲ್ಲಿ ಯಾವ ದಾಖಲೆಗಳು ಬೇಕು ಅಂತ ಬರೆದು, ಎಕ್ಸ್‌ಪೋರ್ಟ್-ಫಿಕ್ಸ್ಚರ್ಸ್ ಆದೇಶ ಕೊಡುವುದು.

ಬರೀ ‘ಕಸ್ಟಮ್ ಫೀಲ್ಡ್’ ಅಂತ ಬರೆದು ಬಿಟ್ಟರೆ ಏನಾಗುತ್ತದೆ ನೋಡಿ. ಇಂಡಿಯಾ ಕಂಪ್ಲಯನ್ಸ್‌ನ ಜಿಎಸ್‌ಟಿ ಫೀಲ್ಡ್‌ಗಳೂ ಕಸ್ಟಮ್ ಫೀಲ್ಡ್‌ಗಳೇ. ಫಿಲ್ಟರ್ ಇಲ್ಲದ ಫಿಕ್ಸ್ಚರ್ ಅವನ್ನೂ ನಿಮ್ಮ ಆ್ಯಪ್ ಒಳಗೆ ನಕಲಿಸುತ್ತದೆ. ಆರು ತಿಂಗಳ ನಂತರ ಇಂಡಿಯಾ ಕಂಪ್ಲಯನ್ಸ್ ತನ್ನ ಒಂದು ಫೀಲ್ಡ್‌ನ ಆಯ್ಕೆಗಳನ್ನು ಬದಲಿಸುತ್ತದೆ. ಮೈಗ್ರೇಟ್ ಮಾಡಿದಾಗ (ಹೊಸ ಕೋಡ್‌ಗೆ ಡೇಟಾಬೇಸ್ ಹೊಂದಿಸುವ ಆದೇಶ) ಅದರ ಪ್ಯಾಚ್, ಅಂದರೆ ಒಮ್ಮೆ ಓಡುವ ತಿದ್ದುಪಡಿ ಕೋಡ್, ಓಡಿ ಹೊಸ ವ್ಯಾಖ್ಯೆ ಬರುತ್ತದೆ, ಹಿಂದೆಯೇ ನಿಮ್ಮ ಫಿಕ್ಸ್ಚರ್ ಓಡಿ ಹಳೆಯದನ್ನು ಮತ್ತೆ ಬರೆಯುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪ್ರತಿ ಮೈಗ್ರೇಟ್‌ನಲ್ಲೂ ಇದೇ ಪುನರಾವರ್ತನೆ, ದೂರು ಬರುವುದು ಮಾತ್ರ ‘ಜಿಎಸ್‌ಟಿ ಆ್ಯಪ್ ಸರಿಯಿಲ್ಲ’ ಅಂತ. ಅದಕ್ಕೇ ಫಿಲ್ಟರ್ ಹಾಕಿ: ಮಾಡ್ಯೂಲ್ ನಿಮ್ಮದಾಗಿರುವ ದಾಖಲೆಗಳು ಮಾತ್ರ. ಪ್ರಾಪರ್ಟಿ ಸೆಟ್ಟರ್‌ಗೂ ಹೀಗೇ. ಎಕ್ಸ್‌ಪೋರ್ಟ್ ಆದ ಮೇಲೆ ಫೈಲ್ ತೆರೆದು ದಾಖಲೆಗಳನ್ನು ಎಣಿಸಿ. ನೀವು ಮಾಡಿದ್ದು ಮೂರು ಫೀಲ್ಡ್, ಫೈಲ್‌ನಲ್ಲಿ ಮೂರೇ ಇರಬೇಕು.

ಕಸ್ಟಮೈಸ್ ಫಾರ್ಮ್‌ನಲ್ಲಿ ‘ಎಕ್ಸ್‌ಪೋರ್ಟ್ ಕಸ್ಟಮೈಸೇಷನ್ಸ್’ ಎಂಬ ಇನ್ನೊಂದು ದಾರಿಯೂ ಇದೆ, ಡೆವಲಪರ್ ಮೋಡ್‌ನಲ್ಲಿ ಕಾಣಿಸುತ್ತದೆ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ. ಒಂದೇ ಡಾಕ್‌ಟೈಪ್‌ಗೆ ಎರಡನ್ನೂ ಬಳಸಿದರೆ ಯಾವುದು ಕೊನೆಗೆ ಬರೆಯಿತು ಎಂದು ಹುಡುಕುವುದೇ ಕೆಲಸವಾಗುತ್ತದೆ.

6. ಪ್ರಿಂಟ್. ಮೂಲ ಪ್ರಿಂಟ್ ಫಾರ್ಮ್ಯಾಟ್ ತಿದ್ದಬೇಡಿ. ನಕಲು ಮಾಡಿ, ಬೇರೆ ಹೆಸರು ಕೊಟ್ಟು, ಹೀಟ್ ನಂಬರ್ ಕಾಲಮ್ ಸೇರಿಸಿ, ಅದನ್ನೂ ಫಿಕ್ಸ್ಚರ್‌ಗೆ ಹಾಕಿ.

7. ಪ್ರೊಡಕ್ಷನ್‌ಗೆ. ಬ್ಯಾಕಪ್, ಆ್ಯಪ್‌ನ ಹೊಸ ಕೋಡ್, ಮೈಗ್ರೇಟ್, ಪ್ರಕ್ರಿಯೆಗಳ ರೀಸ್ಟಾರ್ಟ್, ಈ ಕ್ರಮದಲ್ಲಿ. ರೀಸ್ಟಾರ್ಟ್ ಬಿಟ್ಟರೆ ವೆಬ್ ಮತ್ತು ಹಿನ್ನೆಲೆಯ ವರ್ಕರ್‌ಗಳು ಹಳೆಯ ಪೈಥಾನ್ ಕೋಡನ್ನೇ ನೆನಪಿನಲ್ಲಿಟ್ಟುಕೊಂಡಿರುತ್ತವೆ. ಆಮೇಲೆ ಒಂದು ಡೆಲಿವರಿ ನೋಟ್ ಅನ್ನು ಹೀಟ್ ನಂಬರ್ ಇಲ್ಲದೆ ಸಬ್ಮಿಟ್ ಮಾಡಲು ಯತ್ನಿಸಿ, ತಡೆಯಬೇಕು. ತುಂಬಿ ಸಬ್ಮಿಟ್ ಮಾಡಿ, ಅದರಿಂದ ಇನ್‌ವಾಯ್ಸ್ ಡ್ರಾಫ್ಟ್ ಮಾಡಿ, ಸಂಖ್ಯೆ ಬಂದಿದೆಯೇ ನೋಡಿ. ಪ್ರೊಡಕ್ಷನ್‌ನಲ್ಲಿ ಡೆವಲಪರ್ ಮೋಡ್ ಆಫ್ ಇರಲಿ.

ಸಬ್ಮಿಟ್ ಆದ ಮೇಲೆ ಸಂಖ್ಯೆ ತಪ್ಪಾಗಿದೆ ಅಂತ ತಿಳಿದರೆ? ‘ಅಲೋ ಆನ್ ಸಬ್ಮಿಟ್’ ಟಿಕ್ ಇದ್ದರೆ ಮಾತ್ರ ತಿದ್ದಬಹುದು, ಇಲ್ಲದಿದ್ದರೆ ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಬೇಕು. ಗ್ರಾಹಕರ ಕೈಗೆ ಹೋದ ಕಾಗದದಲ್ಲಿರುವ ಸಂಖ್ಯೆಯನ್ನು ಹಿಂದಿನಿಂದ ತಿದ್ದಲು ಬಿಡಬಾರದು. ಆ ಟಿಕ್ ಬೇಡ.

## ದೋಷ ಯಾವ ಪದರದ್ದು?

ಅಪ್‌ಗ್ರೇಡ್ ನಂತರ ಫಾರ್ಮ್ ಕೆಟ್ಟರೆ ಮೇಲಿನಿಂದ ಒಂದೊಂದೇ ಪದರ ಸುಲಿಯುತ್ತಾ ಬನ್ನಿ, ಅದೂ ಪರೀಕ್ಷೆಯ ಸೈಟ್‌ನಲ್ಲಿ. ಆ ಡಾಕ್‌ಟೈಪ್‌ನ ಕ್ಲೈಂಟ್ ಸ್ಕ್ರಿಪ್ಟ್‌ಗಳನ್ನು ಡಿಸೇಬಲ್ ಮಾಡಿ. ಸರಿಹೋಗದಿದ್ದರೆ ಸರ್ವರ್ ಸ್ಕ್ರಿಪ್ಟ್. ನಂತರ ಪ್ರಾಪರ್ಟಿ ಸೆಟ್ಟರ್ ಪಟ್ಟಿ ತೆರೆದು ಡಾಕ್‌ಟೈಪ್ ಪ್ರಕಾರ ಫಿಲ್ಟರ್ ಮಾಡಿ, ಯಾವುದು ಯಾವಾಗ ಬದಲಾಗಿದೆ ಎಂದು ದಿನಾಂಕ ನೋಡಿ. ಮುಂದಿನದು ನಿಮ್ಮ ಹುಕ್‌ಗಳು: ಒಂದೊಂದೇ ಕಾಮೆಂಟ್ ಮಾಡಿ ಪರೀಕ್ಷಿಸಿ. ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯನ್ನೂ ಕ್ರಮದ ಸಮೇತ ನೋಡಿ. ಎರಡು ಆ್ಯಪ್‌ಗಳು ಒಂದೇ ಕ್ಲಾಸ್ ಓವರ್‌ರೈಡ್ ಮಾಡಿದ್ದು ಗೊತ್ತಾಗುವುದು ಇಲ್ಲೇ. ಇಷ್ಟೆಲ್ಲ ಸುಲಿದ ಮೇಲೂ ದೋಷ ಉಳಿದರೆ ಬರೀ ಇಆರ್‌ಪಿನೆಕ್ಸ್ಟ್ ಇರುವ ಹೊಸ ಸೈಟ್‌ನಲ್ಲಿ ಅದೇ ಹೆಜ್ಜೆಗಳನ್ನು ಮಾಡಿ ನೋಡಿ. ಅಲ್ಲೂ ಬಂದರೆ ಅದು ಮೂಲದ ದೋಷ, ಆ ಹೆಜ್ಜೆಗಳ ಸಮೇತ ಮೂಲ ಯೋಜನೆಗೆ ವರದಿ ಮಾಡಬಹುದು.

ಒಂದು ಫೀಲ್ಡ್ ಬೇಡವಾದಾಗಲೂ ಕ್ರಮ ಇದೆ. ಫಿಕ್ಸ್ಚರ್ ಫೈಲ್‌ನಿಂದ ತೆಗೆದರೆ ಸೈಟ್‌ನಿಂದ ಹೋಗುವುದಿಲ್ಲ. ಫಿಕ್ಸ್ಚರ್ ಬರೆಯುತ್ತದೆ, ಅಳಿಸುವುದಿಲ್ಲ. ಆ ಕಸ್ಟಮ್ ಫೀಲ್ಡ್ ದಾಖಲೆಯನ್ನು ಅಳಿಸುವ ಪ್ಯಾಚ್ ಒಂದನ್ನು ಆ್ಯಪ್‌ನಲ್ಲಿ ಬರೆಯಿರಿ, ಎಲ್ಲ ಸೈಟ್‌ಗಳಲ್ಲೂ ಮೈಗ್ರೇಟ್‌ನೊಂದಿಗೆ ಒಮ್ಮೆ ಓಡುತ್ತದೆ. ದಾಖಲೆ ಹೋದರೂ ಟೇಬಲ್‌ನ ಕಾಲಮ್ ಹಳೆಯ ಡೇಟಾ ಸಮೇತ ಉಳಿದಿರುತ್ತದೆ, ಮೇಲೆ ಲೆಕ್ಕ ಹಾಕಿದ 562 ಬೈಟ್‌ಗಳನ್ನೂ ಹಿಡಿದುಕೊಂಡಿರುತ್ತದೆ. ಅದನ್ನು ತೆಗೆಯಲು ಬೆಂಚ್‌ನಲ್ಲಿ ಟ್ರಿಮ್-ಟೇಬಲ್ಸ್ ಆದೇಶ ಇದೆ. ಮೊದಲು ಡ್ರೈ-ರನ್ ಕೊಟ್ಟು ಯಾವ ಯಾವ ಕಾಲಮ್ ಹೋಗುತ್ತವೆ ಎಂಬ ಪಟ್ಟಿಯನ್ನು ಓದಿ, ಅಕೌಂಟ್ಸ್‌ನವರಿಗೂ ತೋರಿಸಿ, ಬ್ಯಾಕಪ್ ತೆಗೆದು ಆಮೇಲೆ ನಿಜವಾಗಿ ಓಡಿಸಿ.